ಅತ್ತೆಯ ಕಡೆಗೆ ತಿರುಗಿದ ಉತ್ತರ ದಿಕ್ಕು

ನಮ್ಮ ಓಣಿಯಲ್ಲಿ ನಾನು ಅಣಕಿಸದೆ ಬಿಟ್ಟದ್ದು ಬಹಳವೇನೂ ಇಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ, ಯಾದಗಿರಿ ಬಸ್ಸಿನ ಕಂಡಕ್ಟರು ತಂಬಾಕು ಒತ್ತಿಕೊಂಡು ಕೂಗುವ ‘ಶಾಪೂರ, ಸುರಪೂರ’, ಹೆಣ್ಣು ನೋಡಲು ಹೋದಾಗ ನನ್ನದೇ ಗಂಟಲಿನಿಂದ ಹೊರಟ ಬೆಕ್ಕಿನಂಥ ದನಿ, ಎಲ್ಲವೂ ನನ್ನ ಭಂಡಾರದಲ್ಲಿವೆ. ಸೋತದ್ದು ಒಂದರ ಎದುರು ಮಾತ್ರ: ಶಹಾಪುರದ ಸಂತೆಯಲ್ಲಿ ಶೋಕಿಗೆಂದು ಕೊಂಡ ಪುಟ್ಟ ದಿಕ್ಸೂಚಿ. ಮೇಜಿನ ಮೇಲಿಟ್ಟರೆ ಅದರ ಸೂಜಿ ಏನೋ ಹೇಳಹೊರಟವರಂತೆ ಸಣ್ಣಗೆ ನಡುಗಿ, ಹೇಳದೆಯೇ ನಿಂತುಬಿಡುತ್ತದೆ. ದನಿಯೇ ಇಲ್ಲದವರನ್ನು ಅಣಕಿಸುವುದು ಹೇಗೆ, ನೀವೇ ಹೇಳಿ.

ಕಳೆದ ಚಳಿಗಾಲದಲ್ಲಿ ನನ್ನ ಸೋದರತ್ತೆ ನಿಂಗಮ್ಮನ ಕುರಿಗಳು ತಿಂಥಣಿಯ ಹತ್ತಿರ, ಕೃಷ್ಣೆಯ ನಡುಗಡ್ಡೆಯೊಂದರಲ್ಲಿ ಮೇಯುತ್ತಿದ್ದವು. ಹುಟ್ಟಿದ ಮರುದಿನವೇ ಕಾಲು ಉಳುಕಿಸಿಕೊಂಡ ಮರಿಯೊಂದನ್ನು ಸುರಪುರದ ದನದ ದವಾಖಾನೆಗೆ ತೋರಿಸಿ, ರಾತ್ರಿ ಅಲ್ಲೇ ತಂಗಿ, ಬೆಳಗ್ಗೆ ಹರಗೋಲಿನಲ್ಲಿ ಮರಳುತ್ತಿದ್ದೆವು. ಹೊತ್ತಾದರೆ ಚೊಚ್ಚಲ ತಾಯಿ ಮರಿಯ ವಾಸನೆ ಮರೆತು ಹಾಲು ಕೊಡದೆ ಒದೆಯುತ್ತದೆಂಬುದು ಅತ್ತೆಯ ಆತಂಕ. ದಡ ಬಿಟ್ಟಾಗ ತಿಳಿಯಾಗಿದ್ದ ಹೊಳೆ, ನಡುನೀರಿಗೆ ಬರುವಷ್ಟರಲ್ಲಿ ಮಂಜಿನಲ್ಲಿ ಕರಗಿ ಮಾಯವಾಯಿತು. ಗಡ್ಡೆ ಇದ್ದದ್ದು ದಕ್ಷಿಣಕ್ಕೆ. ತಪ್ಪಿದರೆ ಕೆಳಗೆ ಸೆಳವು, ಸೆಳವಿನಲ್ಲಿ ಬಂಡೆಗಳು. ಹರಗೋಲೋ ದುಂಡನೆಯ ಬುಟ್ಟಿ. ನನ್ನ ವಿದ್ಯಾಭ್ಯಾಸದಂತೆ ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.

ಮೊಬೈಲು ತೆಗೆದೆ. ಅದರ ನಕ್ಷೆಯ ನೀಲಿ ಚುಕ್ಕೆ ನಮ್ಮನ್ನು ಯಾರದೋ ಮೆಣಸಿನಕಾಯಿ ಹೊಲದ ನಡುವೆ ಕೂರಿಸಿತು. ಆಮೇಲೆ ‘ನನ್ನನ್ನು ಎಂಟರ ಆಕಾರದಲ್ಲಿ ಆಡಿಸು’ ಎಂದು ಬೇಡಿಕೊಂಡಿತು. ಎದ್ದು ನಿಂತು ಆಡಿಸಿದೆ. ಹರಗೋಲೂ ನನ್ನೊಂದಿಗೆ ಎಂಟು ಬರೆಯತೊಡಗಿತು.

“ಲೇ ಮಂಗ್ಯಾ, ಕುಂದ್ರ್! ನೀರಾಗ ಕುಣೀತೀ ಏನ?” ಎಂದು ಅಂಬಿಗ ಶರಣಪ್ಪ ಕಾಕಾ ಗದರಿದ. ಅಷ್ಟರಲ್ಲಿ ಹಿಂದಿನ ದಿನವಿಡೀ ನನ್ನ ಅಣಕುಗಳನ್ನು ಸೆರೆಹಿಡಿದು ಬಳಲಿದ್ದ ಮೊಬೈಲು ಕಣ್ಣು ಮುಚ್ಚಿತು.

ಆಗ ಜೇಬಿನ ದಿಕ್ಸೂಚಿ ನೆನಪಾಯಿತು. ಅತ್ತೆಯ ಮಗ್ಗುಲಲ್ಲೇ ಕುಳಿತು ಅದನ್ನು ಅಂಗೈಯಲ್ಲಿಟ್ಟುಕೊಂಡೆ. ಸೂಜಿ ನೇರವಾಗಿ ಅತ್ತೆಯನ್ನು ತೋರಿಸಿತು. ಅಲ್ಲೇ ಉತ್ತರವೆಂದು ಕಾಕಾನಿಗೆ ಹೇಳಿದೆ. ಹರಗೋಲು ಅರ್ಧ ಸುತ್ತು ತಿರುಗಿತು. ಸೂಜಿ ಮತ್ತೆ ಅತ್ತೆಯ ಕಡೆಗೇ! ನಮ್ಮ ಮನೆಯಲ್ಲಿ ಅಜ್ಜನಿಂದ ಹಿಡಿದು ನಾಯಿಯವರೆಗೆ ಎಲ್ಲರೂ ಅವಳತ್ತಲೇ ತಿರುಗುವವರು, ನಿಜ; ಆದರೆ ಭೂಮಂಡಲವೂ ಹಾಗೆಯೇ ಎಂದು ನಂಬುವುದು ಕಷ್ಟವಾಯಿತು.

“ಅತ್ತಿ, ನಡದಾಗ ಏನ್ ಸಿಗಿಸ್ಕೊಂಡೀದಿ?”

“ಕತ್ತರಿ. ಕುರಿ ತುಪ್ಪಟ ಕತ್ತರಿಸೋದು, ಸಾಣಿ ಹಿಡಿಸ್ಕೊಂಡ್ ಬಂದೀನಿ. ಯಾಕ, ನಿನ್ ನಾಲಿಗಿ ಕತ್ತರಿಸ್ಲ್ಯಾ?”

“ಅದನ್ನ ಕಾಕಾಗ ಕೊಡು. ಉತ್ತರ ದಿಕ್ಕನ್ನ ನಡಕ್ಕ ಕಟ್ಕೊಂಡ್ ಕುಂತೀದಿ ನೀ!”

ಕಬ್ಬಿಣದ ಆ ಭಾರಿ ಕತ್ತರಿ ಹರಗೋಲಿನ ಆಚೆ ಅಂಚಿಗೆ ಹೋದದ್ದೇ ತಡ, ಸೂಜಿ ಒಮ್ಮೆ ತೂಗಿ, ನಡುಗಿ, ಏನೂ ಕಾಣದ ಬಿಳುಪಿನತ್ತ ತಿರುಗಿ ನಿಂತಿತು. ಹರಗೋಲು ತಿರುಗಿತು, ಅತ್ತೆ ತಿರುಗಿದಳು, ಅವಳ ಮಡಿಲಿನ ಮರಿ ತಿರುಗಿತು, ನನ್ನ ತಲೆಯಂತೂ ಮೊದಲೇ ತಿರುಗಿತ್ತು. ಸೂಜಿ ಮಾತ್ರ ಅಲುಗಲಿಲ್ಲ. ಎಲ್ಲವೂ ಸುತ್ತುವ ಬುಟ್ಟಿಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಲೋಹದ ಚೂರೊಂದು, ನಾನು ಎಂದೂ ಕಾಣಲಾರದ ಯಾವುದೋ ದೂರದ ಕರೆಗೆ ಓಗೊಟ್ಟು ನಿಂತದ್ದನ್ನು ಕಂಡು ನನ್ನ ಮೈ ಜುಮ್ಮೆಂದಿತು. ಆ ಕರೆ ನನ್ನ ಮೂಳೆಗಳ ನಡುವೆಯೂ ಹಾದು ಹೋಗುತ್ತಿತ್ತಲ್ಲ. ಇಷ್ಟು ದಿನ ನನಗೇಕೆ ಕೇಳಿಸಲಿಲ್ಲ? ನಾನು ಬಾಯಿ ಮುಚ್ಚಿದ್ದರೆ ತಾನೆ ಕೇಳಿಸುವುದು.

ಸೂಜಿಯ ಬಾಲದ ದಿಕ್ಕನ್ನು, ಅಂದರೆ ದಕ್ಷಿಣವನ್ನು, ನಾನು ಕೈಚಾಚಿ ತೋರಿಸಿದೆ. ಕಾಕಾ ಹುಟ್ಟು ಹಾಕಿದ. ಗಡ್ಡೆ ಹತ್ತಿರವಿರಬೇಕೆನಿಸಿದಾಗ, ಹುಟ್ಟುಗುಣ ಸುಟ್ಟರೂ ಹೋಗದಲ್ಲ, ಮರಿಯ ದನಿಯಲ್ಲಿ ‘ಬ್ಯಾ’ ಎಂದು ಕೂಗಿದೆ. ಅತ್ತೆಯೇ ಮೋಸಹೋಗಿ ಮಡಿಲು ನೋಡಿಕೊಂಡಳು. ಮಂಜಿನೊಳಗಿನಿಂದ ಮಾತ್ರ ಸದ್ದಿಲ್ಲ. ಆಮೇಲೆ ಮರಿ ತಾನೇ ಕೂಗಿತು. ನನ್ನದಕ್ಕಿಂತ ಕಳಪೆ ಕೂಗು, ಒಡಕು ದನಿ. ಸೂಜಿಯ ಬಾಲ ತೋರಿಸುತ್ತಿದ್ದ ಕಡೆಯಿಂದಲೇ ತಾಯಿಯೊಂದು ಗಂಟಲು ಹರಿಯುವಂತೆ ಓಗೊಟ್ಟಿತು. ದಡ ಮುಟ್ಟಿ ಮರಿಯನ್ನು ಇಳಿಸಿದಾಗ ತಾಯಿ ಅದನ್ನು ಮೂಸಿತು, ಮತ್ತೆ ಮೂಸಿತು, ಮೊಲೆ ಕೊಟ್ಟಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, “ಥಂಡಿ ಭಾಳ ಐತಿ” ಎಂದಳು.

ದಿಕ್ಸೂಚಿ ಈಗಲೂ ಮೇಜಿನ ಮೇಲಿದೆ. ಅಭ್ಯಾಸ ಬಿಟ್ಟಿಲ್ಲ, ಎದುರು ಕುಳಿತು ಅದನ್ನು ಅಣಕಿಸಲು ಯತ್ನಿಸುತ್ತೇನೆ. ನಡುಗುವುದು ಚೆನ್ನಾಗಿಯೇ ಬಂದಿದೆ. ನಿಲ್ಲುವುದನ್ನು ಇನ್ನೂ ಕಲಿಯುತ್ತಿದ್ದೇನೆ.