ಕಂಪನಿ ಬೇರೆ, ಗುಳಿಗೆ ಅದೇ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿದವಳು ನಾನು. ಪುಣೆಗೆ ಬಂದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ನಾವಿದ್ದ ಕೋಥರೂಡ ಬಡಾವಣೆಯಲ್ಲಿ ಹಾಲಿನವನು, ಗಿರಣಿಯವನು, ರಿಕ್ಷಾದವನು, ಯಾರನ್ನೂ ನಾನು ಬಿಟ್ಟಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅನುಮಾನ ನಮ್ಮ ಹೌಸಿಂಗ್ ಸೊಸೈಟಿಯ ಎದುರಿನ ಮೆಡಿಕಲ್ ಅಂಗಡಿಯವನ ಮೇಲೆ.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಬಾಗಲಕೋಟೆಯಿಂದ ನಮ್ಮ ಜೊತೆ ಇರಲು ಬಂದಿದ್ದ ಅತ್ತೆಗೆ ಥೈರಾಯ್ಡ್ ಕಡಿಮೆ ಇದೆ ಎಂದು ಡಾಕ್ಟರು ಗುಳಿಗೆ ಬರೆದರು. ಅಂಗಡಿಯವನು ಚೀಟಿ ನೋಡಿ, ಆ ಕಂಪನಿಯದು ಮುಗಿದಿದೆ ಎಂದು ಬೇರೆ ಹೆಸರಿನ, ನೂರು ಗುಳಿಗೆಯ ಬಾಟಲಿ ಮುಂದಿಟ್ಟ. "ವಹಿನಿ, ಕಂಪನಿ ಬೇರೆ, ಗುಳಿಗೆ ಅದೇ" ಎಂದು, ನನ್ನನ್ನು ಅತ್ತಿಗೆ ಮಾಡಿಕೊಂಡು, ಮರಾಠಿಯಲ್ಲಿ ಹೇಳಿ ಬಾಟಲಿಯ ಮೇಲೆ ಏನೋ ಬರೆದುಕೊಟ್ಟ. ಬೆಲೆ ಕಡಿಮೆ ಅಂದಾಗಲೇ ನನ್ನ ಹುಬ್ಬು ಮೇಲೇರಿತು.

ಮೂರು ತಿಂಗಳಾದರೂ ಅತ್ತೆ ಸುಧಾರಿಸಲಿಲ್ಲ. ಮುಖ ಬಾತಿತು, ದನಿ ಒರಟಾಯಿತು. ಪಟಪಟ ರೊಟ್ಟಿ ಬಡಿಯುತ್ತಿದ್ದವರು ಹಿಟ್ಟು ಕಲಸುವಷ್ಟರಲ್ಲೇ ದಣಿದು ಕೂರುತ್ತಿದ್ದರು. ಒಂದು ಬೆಳಿಗ್ಗೆ ಗ್ಯಾಸಿನ ಮೇಲೆ ಹಾಲಿಟ್ಟು, ಅದು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯುವುದನ್ನು ಎದುರೇ ನಿಂತು ಸುಮ್ಮನೆ ನೋಡಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಈ ಜೀವ ಉಳಿಯುವುದಿಲ್ಲ ಅನ್ನಿಸಿತು.

ನೆಟ್ಟಗೆ ಅಂಗಡಿಗೆ ಹೋದೆ. ಗಿರಾಕಿಗಳೆಲ್ಲರ ಎದುರು, "ಡುಪ್ಲಿಕೇಟ್ ಮಾಲು ಮಾರಿ ಮುದುಕರ ಜೀವ ತೆಗೀತೀಯಾ, ಕಳ್ಳಾ!" ಎಂದು ಮರಾಠಿಯಲ್ಲೇ ಜಾಡಿಸಿದೆ. ಅವನು, "ಡಾಕ್ಟರಿಗೇ ತೋರಿಸಿ ವಹಿನಿ" ಎಂದನಷ್ಟೆ. ವಾದಕ್ಕೆ ಇಳಿಯದವನ ಮೇಲೆ ನನಗೆ ಅನುಮಾನ ಇನ್ನೂ ಹೆಚ್ಚು.

ಅಂದೇ ಅತ್ತೆಯನ್ನು ಕರೆದುಕೊಂಡು, ಬಾಟಲಿ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಬಾಟಲಿಗೆ ಅಂಟಿಸಿದ್ದ ಚೀಟಿ ಓದಿದರು. ಔಷಧ ಅದೇ, ಪ್ರಮಾಣವೂ ಅದೇ. ಆದರೆ ಈ ಗುಳಿಗೆಯ ಕಂಪನಿ ಬದಲಾದರೆ ತಮಗೊಂದು ಮಾತು ತಿಳಿಸಬೇಕಿತ್ತು ಎಂದರು. ಆಮೇಲೆ ಬಾಟಲಿಯನ್ನು ಟೇಬಲ್ಲಿನ ಮೇಲೆ ಸುರಿದರು. ಅಯ್ಯೋ, ಎಂಬತ್ತರ ಹತ್ತಿರ ಗುಳಿಗೆ ಹಾಗೇ ಇದ್ದವು! ಅತ್ತೆಯ ಕಡೆ ತಿರುಗಿದೆ.

"ದಿನಾ ತೊಗೊಂಡಿಲ್ಲೇನ್ರಿ, ಅತ್ತ್ಯಾರ?"

"ದಿನಾ ಯಾಕ ತೊಗೊಳ್ಳಲಿ? ಸೋಮವಾರ, ಏಕಾದಶಿ, ಸಂಕಷ್ಟಿ, ಒಂದೂ ತಪ್ಪಿಸಿಲ್ಲ ನೋಡವಾ. ಮ್ಯಾಲ ಒಂದು ವಾಟಗಾ ಹಾಲು, ಮೊಣಕಾಲಿನ ಕ್ಯಾಲ್ಸಿಯಂ ಗುಳಿಗಿನೂ ಅದರ ಜೋಡಿನಽ."

ಅತ್ತೆಯ ಮಾತನ್ನು ನಾನು ಮರಾಠಿಯಲ್ಲಿ ಹೇಳಿದ್ದನ್ನು ಕೇಳಿ ಡಾಕ್ಟರು ಬಾಟಲಿ ತಿರುಗಿಸಿದರು. ಅದರ ಮೇಲೆ 'ಉಪಾಶೀ ಪೋಟೀ' ಎಂದು ಬರೆದಿತ್ತು. ಮರಾಠಿಯವರಿಗೆ ಅದು ಖಾಲಿ ಹೊಟ್ಟೆ, ಅಷ್ಟೇ. ದಿನಾ ಬೆಳಿಗ್ಗೆ ಎದ್ದೊಡನೆ ಬರೀ ನೀರಿನಲ್ಲಿ ನುಂಗಬೇಕು, ಚಹಾ ಅರ್ಧ ಗಂಟೆಯಾದರೂ ಬಿಟ್ಟು, ಕ್ಯಾಲ್ಸಿಯಂ ನಾಲ್ಕು ತಾಸು ಬಿಟ್ಟು. ಜೊತೆಗೆ ತೆಗೆದುಕೊಂಡರೆ ಗುಳಿಗೆ ಮೈಗೆ ಹತ್ತುವುದಿಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ, "ಉಪವಾಸದ ದಿನ ಅಂತ ನಿಮಗೆ ಯಾರು ಹೇಳಿದ್ದು, ಆಜಿ?" ಎಂದು ಕೇಳಿದರು.

ನನಗೆ ನೆನಪಾಯಿತು. ಬಾಟಲಿ ತಂದ ದಿನ ನಾನು ಹಾಲಿನವನ ಜೊತೆ ಜಗಳದಲ್ಲಿದ್ದೆ. ಅತ್ತೆ ಹಿಂದಿನಿಂದ ಬಂದು, "ಇದರ ಮ್ಯಾಲ ಏನ ಬರದಾನವಾ?" ಎಂದು ಕೇಳಿದ್ದರು. ಅರೆಗಣ್ಣಿನಲ್ಲಿ ಓದಿ, "ಉಪವಾಸ ಇದ್ದಾಗ ತೊಗೋಬೇಕಂತ್ರಿ" ಎಂದು ಮತ್ತೆ ಹಾಲಿನವನ ಕಡೆ ತಿರುಗಿದ್ದೆ.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರಿಗೆ ತಮ್ಮ ಮುರುಕು ಮರಾಠಿಯಲ್ಲಿ, "ಯಾರೂ ಹೇಳಿಲ್ಲ, ನಾನೇ ಓದಿಕೊಂಡೆ" ಎಂದರು. ಅವರಿಗೆ ಮರಾಠಿಯ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಬೆಳಿಗ್ಗೆಯಷ್ಟೇ ಒಬ್ಬನನ್ನು ಬೀದಿಯಲ್ಲಿ ಕಳ್ಳ ಎಂದಿದ್ದ ನನ್ನ ಬಾಯಿ ಅಲ್ಲಿ ತೆರೆಯಲಿಲ್ಲ.