ಉಪ್ಪು ನೆಲದ ಶ್ರೀಮತಿ

ಶ್ರೀಮತಿಯವರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನರಿದ್ದಾರೆ. ಆದರೆ ಅವರ ಎದುರು ಹಠ ಹಿಡಿದು ಸೋತವನು ನಾನು. ಹೇಗೆ ಸೋತೆ ಎಂಬುದು ನನ್ನಷ್ಟು ವಿವರವಾಗಿ ಯಾರಿಗೂ ಗೊತ್ತಿಲ್ಲ. ನನ್ನ ಹೆಸರು ಗಣಪತಿ, ಮೂಲ ಮೈಸೂರು. ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ, ಠಾಣೆಯ ಕೋಪರಿಯಲ್ಲಿ ಮನೆ. ನಮ್ಮ ಖಾಡಿ ದರ್ಶನ್ ಸೊಸೈಟಿಗೆ ಆರು ವರ್ಷದಿಂದ ನಾನೇ ಸೆಕ್ರೆಟರಿ.

ಕಟ್ಟಡದ ಹಿಂದೆ ಒಂದು ಹಿತ್ತಲಿದೆ. ಅದರ ಕೊನೆಗೆ ಕುಳ್ಳ ಗೋಡೆ, ಗೋಡೆಯಾಚೆ ಖಾಡಿ, ಅಂದರೆ ಒಳನಾಡಿಗೆ ಚಾಚಿದ ಸಮುದ್ರದ ಹಿನ್ನೀರು. ಮಳೆಗಾಲದ ದೊಡ್ಡ ಭರತಿಯ ದಿನ ಸಮುದ್ರ ಉಕ್ಕಿ ಖಾಡಿಯ ಉಪ್ಪುನೀರು ಗೋಡೆ ದಾಟಿ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಮೇಲೆ ಬಿಳಿ ಪುಡಿ ಕೂರುತ್ತದೆ. ಹುಲ್ಲೂ ಹುಟ್ಟದ ಜಾಗವನ್ನು ಸುಮ್ಮನೆ ಇಟ್ಟುಕೊಳ್ಳುವ ಬದಲು ಪೇವರ್ ಬ್ಲಾಕ್ ಹಾಸಿ ಕಾರು ನಿಲ್ಲಿಸೋಣ ಎಂಬುದು ನನ್ನ ಠರಾವು. ದಿನಾ ಪಾರ್ಕಿಂಗಿನ ಜಗಳ ಬಿಡಿಸುವವನು ನಾನು, ನನ್ನ ತಲೆನೋವು ನನಗೇ ಗೊತ್ತು.

ಆ ಠರಾವಿಗೆ ಅಡ್ಡ ಬಂದವರು ಎರಡನೇ ಮಹಡಿಯ ಶ್ರೀಮತಿ. ಗಂಡ ಮುರಾರಿರಾಯರು ಉಡುಪಿ ಕಡೆಯವರು, ಠಾಣೆ ಸ್ಟೇಷನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸಿದವರು. ಹೋಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ನಿಂತದ್ದು ಈಕೆ. ಅಷ್ಟು ವರ್ಷದಲ್ಲಿ ಒಂದು ದಿನವೂ ಸೌಟಿನಿಂದ ರುಚಿ ನೋಡಿದವರಲ್ಲ. ದೇವರ ನೈವೇದ್ಯಕ್ಕೆ ಮೊದಲು ನಾಲಗೆಗೆ ತಾಗಿಸಬಾರದೆಂದು ತಾಯಿಮನೆಯಲ್ಲಿ ಕಲಿತ ಶಿಸ್ತು. ಕುದಿಯುವ ಸಾಂಬಾರಿನ ವಾಸನೆಯಲ್ಲೇ ಉಪ್ಪು ಸಾಕೋ ಬೇಕೋ ಹೇಳುತ್ತಿದ್ದರು. ಒಂದು ತಟ್ಟೆಯೂ ವಾಪಸ್ ಬಂದದ್ದಿಲ್ಲವಂತೆ.

ಹೋಟೆಲನ್ನು ಮೈದುನನ ಮಗನ ಕೈಗೆ ಒಪ್ಪಿಸಿದ ಮರುವಾರವೇ ನನ್ನ ಬಾಗಿಲು ತಟ್ಟಿದರು.

“ಸೆಕ್ರೆಟ್ರಿಯವ್ರೇ, ಇಷ್ಟು ವರ್ಷ ಕಿಟಕಿ ಇಲ್ಲದ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತವಳು ನಾನು. ಕೈಗೆ ಮಣ್ಣು ತಾಗದೆ ಎಷ್ಟು ಕಾಲ ಆಯ್ತು ಅಂತ ನಿಮಗೆ ಗೊತ್ತುಂಟಾ? ಆ ಹಿತ್ತಲು ನನಗೆ ಕೊಡಿ. ಹಸಿರು ಮಾಡಿ ತೋರಿಸ್ತೇನೆ.”

ಕಮಿಟಿಯವರು ಆಗಲಿ ಅಂದರು. ಶ್ರೀಮತಿ ಮೊದಲ ವರ್ಷ ತುಳಸಿ, ದಾಸವಾಳ ನೆಟ್ಟರು. ಎರಡನೇ ವರ್ಷ ಬಸಳೆ ಚಪ್ಪರ, ಮೂರನೇ ವರ್ಷ ಕನಕಾಂಬರ. ಸಗಣಿ ಗೊಬ್ಬರ ತರಿಸಿದರು, ಅಕ್ಕಿ ತೊಳೆದ ನೀರು ಹೊತ್ತು ಹೊತ್ತು ಸೊಂಟ ನೋಯಿಸಿಕೊಂಡರು. ಎಲ್ಲವೂ ಸತ್ತವು. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿದಂತೆ ಬಾಡುತ್ತಿತ್ತು. ನೀರು ಸಾಲಲಿಲ್ಲವೇನೋ ಎಂದು ಅವರು ಇನ್ನೊಂದು ಕೊಡ ಸುರಿಯುತ್ತಿದ್ದರು. ನಾನು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಒಳಗೊಳಗೆ ಖುಷಿಯೇ ಆಗುತ್ತಿತ್ತು, ಈಗ ಹೇಳಿಕೊಳ್ಳಲು ನಾಚಿಕೆ.

ಆ ಮೂರನೇ ವರ್ಷದ ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಪಟ್ಟು ಹಿಡಿದೆ. ಇನ್ನು ಒಂದೇ ವರ್ಷ. ಮುಂದಿನ ಸಭೆಯ ಹೊತ್ತಿಗೆ ಹಿತ್ತಲು ಹಸಿರಾಗದಿದ್ದರೆ ಮತಕ್ಕೆ ಹಾಕಿ ಬ್ಲಾಕ್ ಹಾಸುವುದು. ಜನಕ್ಕೆ ರುಚಿ ಹತ್ತಲೆಂದು ಒಂದು ಮೂಲೆಯಲ್ಲಿ ಕಾರು ಹಿಡಿಯುವಷ್ಟು ಬ್ಲಾಕ್ ಹಾಕಿಸಿ, ನನ್ನ ಹೊಸ ಕಾರನ್ನೇ ತಂದು ನಿಲ್ಲಿಸಿದೆ. ಮುರಾರಿರಾಯರು ಕೂಡ ಲಿಫ್ಟಿನಲ್ಲಿ ಸಿಕ್ಕಾಗ, “ಅವಳಿಗೆ ಮರುಳು ಮಾರಾಯ್ರೆ, ನೀವು ಬ್ಲಾಕ್ ಹಾಕ್ಸಿ” ಅಂದಿದ್ದರು. ಆ ಮತವನ್ನು ನಾನು ನನ್ನ ಕಡೆಗೆ ಬರೆದುಕೊಂಡೆ.

ಮಾರ್ಚಿನಲ್ಲಿ ಒಂದು ದಿನ ಮೀನುಗಾರರ ಕೇರಿಯಾದ ಕೋಳಿವಾಡೆಯ ಜ್ಯೋತಿಬಾಯಿ ನಮ್ಮ ಗೇಟಿನ ಹತ್ತಿರ ಸೊಪ್ಪು ಮಾರಲು ಕೂತಿದ್ದಳು. ಅದರಲ್ಲಿ ಮೋರಸ್ ಎಂಬ, ಸಣ್ಣಸಣ್ಣ ದಪ್ಪ ಎಲೆಯ ಸೊಪ್ಪಿತ್ತು. ಶ್ರೀಮತಿ ಕೊಂಡುಹೋಗಿ ಬೇಳೆ, ಕಾಯಿತುರಿ ಹಾಕಿ, ಕ್ರಮದಂತೆ ಉಪ್ಪೂ ಹಾಕಿ, ಎಂದಿನಂತೆ ರುಚಿ ನೋಡದೆ ಬಡಿಸಿದರು. ರಾಯರು ಮೊದಲ ತುತ್ತಿಗೇ ಎದ್ದು ಬಚ್ಚಲಿಗೆ ಓಡಿದರು. ಶ್ರೀಮತಿಗೆ ಜೀವ ಹೋದಷ್ಟು ಅವಮಾನ. ಬೆಳಗಾಗುತ್ತಲೇ ಜಗಳಕ್ಕೆ ಇಳಿದರು.

ಜ್ಯೋತಿಬಾಯಿ ಹೊಟ್ಟೆ ಹಿಡಿದು ನಕ್ಕಳು. “ಅಗ ಮಾವ್ಶಿ, ಮೋರಸಲಾ ಮೀಠ ಕಶಾಲಾ?” ಅಂದಳು. ಅದಕ್ಕೆ ಉಪ್ಪೇ ಹಾಕಬಾರದಂತೆ. ಕುದಿಸಿ, ಹಿಂಡಿ, ಆ ನೀರು ಚೆಲ್ಲಿದರೂ ಬೇಕಾದಷ್ಟು ಉಪ್ಪು ಎಲೆಯಲ್ಲೇ ಇರುತ್ತದಂತೆ.

ಶ್ರೀಮತಿ ಜಗಳ ಮರೆತರು. “ಇದು ಎಲ್ಲಿ ಬೆಳೀತದೆ?” ಎಂದು ಕೇಳಿದರು. ಜ್ಯೋತಿಬಾಯಿ ನಮ್ಮ ಕುಳ್ಳ ಗೋಡೆಯ ಆಚೆ ಕೈ ತೋರಿಸಿದಳು.

ಅವತ್ತಿನಿಂದ ಇಬ್ಬರೂ ಖಾಡಿಯ ದಂಡೆಯಲ್ಲಿ ಓಡಾಡತೊಡಗಿದರು. ವಾಚ್‌ಮನ್ ಬಂದು, “ಸಾಬ್, ದೋ ನಂಬರ್ ಮಾಲೇವಾಲೀ ಆಂಟಿ ಪತ್ತೇ ಚಾಟ್ ರಹೀ ಹೈ” ಎಂದು ವರದಿ ಕೊಟ್ಟ. ಎಲೆ ನೆಕ್ಕುತ್ತಿದ್ದದ್ದು ನಿಜವೇ. ಹೋಟೆಲಿನಲ್ಲಿ ಎಂದೂ ರುಚಿ ನೋಡದ ಹೆಂಗಸು, ಸೀಸೆಯ ನೀರಿನಲ್ಲಿ ತೊಳೆದು ತೊಳೆದು ಒಂದೊಂದು ಗಿಡದ ಎಲೆಯನ್ನೂ ನಾಲಗೆಗೆ ಮುಟ್ಟಿಸಿ ನೋಡುತ್ತಿದ್ದರು. ರಾತ್ರಿಯ ಊಟದ ಹೊತ್ತಿಗೆ ನಾನು ಈ ಸುದ್ದಿ ಹೇಳಿ ನಕ್ಕರೆ ನನ್ನ ಹೆಂಡತಿ ವೇದಾ ನಗಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ಅವಳೇ ಪುಸ್ತಕ ತೆರೆದು ಅವರಿಗೆ ವಿವರಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ನನ್ನ ಮನೆಯೊಳಗೇ ಒಬ್ಬರು ವಿರೋಧ ಪಕ್ಷದವರಿದ್ದರು.

ಒಂದು ಭಾನುವಾರ ಶ್ರೀಮತಿ ನನ್ನನ್ನೇ ಕುಳ್ಳ ಗೋಡೆಯ ಹತ್ತಿರ ಹಿಡಿದು ನಿಲ್ಲಿಸಿ ಪಾಠ ಮಾಡಿದರು.

“ಸೌತೆಕಾಯಿಗೆ ಉಪ್ಪು ಹಾಕಿಟ್ರೆ ನೀರು ಬಿಡ್ತದಲ್ವಾ? ನನ್ನ ಬಸಳೆಗೆ ಆದದ್ದೂ ಅದೇ. ಮಣ್ಣಿನ ಉಪ್ಪು ಅದಕ್ಕೆ ನೀರು ಕುಡಿಯಲಿಕ್ಕೇ ಬಿಡ್ಲಿಲ್ಲ. ನಾನು ಪಾಪದ್ದಕ್ಕೆ ಬೈದದ್ದೇ ಬೈದದ್ದು. ಗೋಡೆಯಾಚೆಯ ಈ ತಿವರ ನೋಡಿ, ನಮ್ಮೂರಿನ ಕಾಂಡ್ಲಾ ಗಿಡದ ಹಾಗಿನದ್ದು, ಹೆಚ್ಚಿನ ಉಪ್ಪನ್ನು ಬೇರಿನಲ್ಲೇ ತಡೀತದೆ. ತಪ್ಪಿಸಿಕೊಂಡು ಒಳಗೆ ಬಂದದ್ದನ್ನು ಎಲೆಯಿಂದ ಬೆವರಿ ಹೊರಗೆ ಹಾಕ್ತದೆ. ಬೆರಳು ಎಳೆದು ನೋಡಿ, ಹರಳು ಸಿಗ್ತದೆ.”

ಎಳೆದು ನೋಡಿದೆ, ಬೆರಳು ತರಿತರಿ ಆಯಿತು.

“ಮೋರಸ್ ಹಾಗಲ್ಲ. ಉಪ್ಪು ಒಳಗೇ ಇಟ್ಕೊಳ್ತದೆ, ಜೊತೆಗೆ ನೀರೂ ತುಂಬಿಸ್ತದೆ. ಸಾಂಬಾರಿಗೆ ಉಪ್ಪು ಜಾಸ್ತಿ ಆದ್ರೆ ನಾವು ಎಂತ ಮಾಡ್ತೇವೆ, ಅದನ್ನೇ. ಮತ್ತೂ ಜಾಸ್ತಿ ಆದ್ರೆ ಹಳೆ ಎಲೆಗೆ ತುಂಬಿಸಿ ಉದುರಿಸಿ ಬಿಡ್ತದೆ. ಇವುಗಳಿಗೆ ಇರುವ ಬುದ್ಧಿ ನನಗೆ ಮೂರು ವರ್ಷ ಇರ್ಲಿಲ್ಲ ನೋಡಿ.”

ಜೂನಿನ ಮೊದಲ ಮಳೆಗೆ ನೆಡುವ ಕೆಲಸ ಶುರುವಾಯಿತು. ಖಾಡಿ ಕಡೆಯ ಗೋಡೆಗೆ ತಾಗಿ ಉಪ್ಪು ಹೆಚ್ಚಿರುವಲ್ಲಿ ಜ್ಯೋತಿಬಾಯಿ ಕೆಸರುಸಮೇತ ತಂದುಕೊಟ್ಟ ಮೋರಸ್, ಕಟ್ಟಡದ ಕಡೆಗೆ ಹೂವರಸಿ ಗಿಡಗಳು. ಇಲ್ಲಿಯವರು ಭೇಂಡಿ ಅನ್ನುತ್ತಾರಲ್ಲ, ಹಳದಿ ಹೂವಿನ ಮರ, ಅದು. ನರ್ಸರಿಯಲ್ಲಿ ಸಿಹಿನೀರು ಕುಡಿದು ಬೆಳೆದ ಸಸಿಗಳನ್ನು ಒಮ್ಮೆಗೇ ಉಪ್ಪಿಗೆ ಇಳಿಸಿದರೆ ತಡೆಯಲಾರವೆಂದು ಅವರು ಮೂರು ತಿಂಗಳು ಬಾಲ್ಕನಿಯ ಕುಂಡದಲ್ಲೇ ಅವಕ್ಕೆ ಅಭ್ಯಾಸ ಮಾಡಿಸಿದ್ದರು. ಮೊದಲ ವಾರ ನೀರಿಗೆ ಚಿಟಿಕೆ ಉಪ್ಪು, ಮುಂದಿನ ವಾರ ಎರಡು, ಹೀಗೆ ಏರಿಸುತ್ತ. ಎಲೆ ಸ್ವಲ್ಪ ಸೊರಗಿದರೂ ಆ ವಾರ ಏರಿಸುತ್ತಿರಲಿಲ್ಲ.

ಜುಲೈ ಅಮಾವಾಸ್ಯೆಗೆ ದೊಡ್ಡ ಭರತಿ ಬಂತು, ಜೊತೆಗೆ ಬೆಳಗಿನಿಂದ ಬಿಡದ ಮಳೆ. ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನ ವೇದಾಳ ಫೋನು ಬಂತು.

“ಹಿತ್ತಲು ಪೂರ್ತಿ ಮುಳುಗಿದೆ ರೀ.”

“ಗಿಡಗಳು ಹೋದ್ವಾ?” ಅಂದೆ. ಧ್ವನಿಯಲ್ಲಿ ಉತ್ಸಾಹವಿತ್ತು, ಸುಳ್ಳು ಹೇಳಲಾರೆ.

“ಗಿಡದ ವಿಷಯ ಆಮೇಲೆ. ನಿಮ್ಮ ಕಾರು ಹೋಯ್ತು.”

ನೀರು ಇಳಿಯಲು ಎರಡು ದಿನ ಬೇಕಾಯಿತು. ಬ್ಲಾಕುಗಳ ಕೆಳಗಿನ ಮರಳು ಕೊಚ್ಚಿಹೋಗಿ ಕಾರು ಒಂದು ಪಕ್ಕಕ್ಕೆ ಕುಸಿದು ಕುಳಿತಿತ್ತು, ಸೀಟಿನ ಮೇಲೆ ಖಾಡಿಯ ಕೆಸರು. ಮೋರಸ್ ಮೈಗೆಲ್ಲ ರಾಡಿ ಮೆತ್ತಿಕೊಂಡು ಸುಮ್ಮನೆ ನಿಂತಿತ್ತು. ಹೂವರಸಿಯ ಎಲೆಗಳು ಉದುರಿದ್ದವು. ಶ್ರೀಮತಿ ದಿನಾ ಬೆಳಿಗ್ಗೆ ಬಂದು, ಬಾಗಿ, ಒಂದೊಂದೇ ಕೊಂಬೆ ನೋಡಿ ಹೋಗುತ್ತಿದ್ದರು. ಒಂಬತ್ತನೆಯ ದಿನ ಹೂವರಸಿಯ ತುದಿಗಳಲ್ಲಿ ಚಿಗುರು ಬಂತು. ಅವರು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟರು. ಬಾಲ್ಕನಿಯಲ್ಲಿದ್ದ ನಾನು ಕಾಫಿ ಲೋಟ ಕೆಳಗಿಟ್ಟೆ. ಆದರೆ ಠರಾವು ಠರಾವೇ.

ಸೆಪ್ಟೆಂಬರಿನ ಹೊತ್ತಿಗೆ ಹಿತ್ತಲು ಗೋಡೆಯಿಂದ ಗೋಡೆಗೆ ಹಸಿರಾಗಿತ್ತು. ಸೋಲು ಖಚಿತವೆಂದು ನನಗೆ ಗೊತ್ತಿತ್ತು. ಆದ್ದರಿಂದ ಸಭೆಯಲ್ಲಿ ಸೆಕ್ರೆಟರಿಗಳು ಮಾಡುವ ಕೆಲಸವನ್ನೇ ಮಾಡಿದೆ. ಸಮಯ ಮೀರಿದೆ, ಈ ವಿಷಯ ಮುಂದಿನ ಸಭೆಗೆ ಇರಲಿ ಅಂದೆ.

ಹಿಂದಿನ ಸಾಲಿನಲ್ಲಿ ಶ್ರೀಮತಿ ಎದ್ದು ನಿಂತರು. “ಇವತ್ತೇ ಆಗ್ಲಿ. ನನ್ನ ಗಿಡ ಸಾಯ್ತಾ ಇದ್ದಾಗ ನೀವು ಯಾವುದನ್ನೂ ಮುಂದೆ ಹಾಕ್ಲಿಲ್ಲ.”

ನಾನು ನಿಯಮ ತೆಗೆದೆ. ಫ್ಲ್ಯಾಟು ಇರುವುದು ಮುರಾರಿರಾಯರ ಹೆಸರಿನಲ್ಲಿ, ಸದಸ್ಯರು ಅವರು. ಶ್ರೀಮತಿಯವರಿಗೆ ಸಭೆಯಲ್ಲಿ ಮಾತೂ ಇಲ್ಲ, ಮತವೂ ಇಲ್ಲ. ನಿಯಮ ಸರಿಯಾಗಿಯೇ ಇತ್ತು. ಎಲ್ಲರೂ ರಾಯರ ಕಡೆ ತಿರುಗಿದರು. ಅವರು ಕನ್ನಡಕ ಒರೆಸುತ್ತ ನಿಧಾನಕ್ಕೆ ಎದ್ದರು.

“ಇಪ್ಪತ್ತೆಂಟು ವರ್ಷ ಗಲ್ಲೆಯಲ್ಲಿ ಕೂತು ಹೊಗಳಿಸಿಕೊಂಡವ ನಾನು, ಅಡುಗೆ ಮಾಡಿದವಳು ಇವಳು. ಈ ಮತ ಇವಳದ್ದು” ಎಂದು ಬಲಗೈಯನ್ನು ಹೆಂಡತಿಯ ಮುಂದೆ ಚಾಚಿದರು.

ಶ್ರೀಮತಿ ಒಂದು ಗಳಿಗೆ ಆ ಕೈಯನ್ನೇ ನೋಡಿದರು. ಆಮೇಲೆ ಮಣಿಕಟ್ಟಿನಲ್ಲಿ ಗಟ್ಟಿಯಾಗಿ ಹಿಡಿದು ತಲೆಯ ಮೇಲಕ್ಕೆ ಎತ್ತಿದರು.

ಅದರ ಹಿಂದೆಯೇ ಕೈಗಳು ಎದ್ದವು, ಮೊದಲ ಸಾಲಿನಲ್ಲಿ ವೇದಾಳದ್ದೂ. ನಮ್ಮ ಫ್ಲ್ಯಾಟು ಇಬ್ಬರ ಹೆಸರಿನಲ್ಲೂ ಇದೆ. ನಾನು ಎಣಿಸಿದೆ, ಬಂದಿದ್ದ ನಲವತ್ತು ಮತಗಳಲ್ಲಿ ಮೂವತ್ತನಾಲ್ಕು. ಎಲ್ಲೋ ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದೆ, ಮೂವತ್ತನಾಲ್ಕೇ. ಹಿತ್ತಲು ಮಣ್ಣಾಗಿಯೇ ಇರತಕ್ಕದ್ದು ಎಂದು ಬರೆದು ತಲೆಯೆತ್ತಿದರೆ ಎಲ್ಲರೂ ಕೈ ಇಳಿಸಿದ್ದರು. ಶ್ರೀಮತಿ ಮಾತ್ರ ಗಂಡನ ಕೈಯನ್ನು ಇನ್ನೂ ಮೇಲೇ ಹಿಡಿದು ನಿಂತಿದ್ದರು.