ಗುಣಕ್ಕನ ಕೋಟಿನ ಒಳಮೈ

ಪೀಂ, ಪೀಂಪೀಂ. ಕೊಡಿಯಾಲ್‌ಬೈಲಿನ ರಸ್ತೆಯಲ್ಲಿ ಸಿಟಿ ಬಸ್ಸಿನ ಕಂಡಕ್ಟರನ ಸೀಟಿ, ಅದರ ಬೆನ್ನಿಗೇ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂಬ ಕೂಗು. ಮಹಡಿಯ ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದ ಮೈಮೂನಾ ತಲೆಯೆತ್ತದೆಯೇ ಗಂಟೆ ಹನ್ನೊಂದಾಯಿತೆಂದು ತಿಳಿದಳು. ಗೋಡೆಯ ಗಡಿಯಾರ ನಿಂತು ಎರಡು ವರ್ಷವಾಗಿತ್ತು. ಬಸ್ಸುಗಳು ನಿಂತಿರಲಿಲ್ಲವಾದ್ದರಿಂದ ಅದಕ್ಕೆ ಸೆಲ್ ಹಾಕಿಸುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಮೈಮೂನಾ ಹೊಸ ಬಟ್ಟೆ ಹೊಲಿಯುವುದಿಲ್ಲ. ಅವಳದು ಆಲ್ಟರೇಷನ್ ಅಂಗಡಿ. ಹೆರಿಗೆಯಾದವರ ಚೂಡಿದಾರ ಬಿಡಿಸುವುದು, ಡಯಟ್ ಮಾಡಿದವರದನ್ನು ಹಿಡಿಸುವುದು, ಮತ್ತೆ ಮೂರು ತಿಂಗಳಿಗೆ ಅದನ್ನೇ ಬಿಡಿಸುವುದು. ಇಪ್ಪತ್ತಾರು ವರ್ಷಗಳಲ್ಲಿ ಊರಿನ ಮೈಗಳ ಏರಿಳಿತವೆಲ್ಲ ಅವಳ ಟೇಪಿಗೆ ಗೊತ್ತು. ಅವಳಿಗೆ ಎರಡೇ ನಿಯಮ. ಹೇಳಿದ ದಿನಕ್ಕೆ ಬಟ್ಟೆ ಕೊಡಬೇಕು. ಯಾವ ಬಟ್ಟೆಯ ಲೈನಿಂಗನ್ನೂ ಅದರ ಯಜಮಾನರು ಎದುರಿಗಿಲ್ಲದೆ ಬಿಚ್ಚಬಾರದು. ಎರಡನೆಯದು ಹುಟ್ಟಿದ್ದು, ಬಹರೈನಿನಿಂದ ಬಂದ ಒಬ್ಬರ ಸೂಟಿನ ಒಳಗಿಂದ ಹೆಂಡತಿಯದಲ್ಲದ ಅಕ್ಷರದ ಕಾಗದವೊಂದು ಜಾರಿ ಬಿದ್ದ ದಿನ. ಆ ಸೂಟನ್ನು ಒಯ್ಯಲು ಬಂದಿದ್ದವಳು ಹೆಂಡತಿ.

ಆ ಗುರುವಾರ ಮೆಟ್ಟಿಲು ಹತ್ತಿ ಬಂದವಳು ನಿರೀಕ್ಷಾ. ದೇರೆಬೈಲಿನ ಗುಣವತಿ ಶೆಟ್ಟಿಯವರ ಮೊಮ್ಮಗಳು. ಬೀದಿನಾಯಿಗಳಿಗೆ ಚುಚ್ಚುಮದ್ದು ಕೊಡಿಸುವ, ಗಾಡಿಗೆ ಸಿಕ್ಕಿದ ಬೆಕ್ಕುಗಳನ್ನು ಎತ್ತಿ ತರುವ ಹುಡುಗಿ. ಭಾನುವಾರ ಅವಳ ನಿಶ್ಚಿತಾರ್ಥ.

"ಆಂಟಿ, ಅಜ್ಜಿಯ ಕೋಟು ಇಲ್ಲಿ ಉಂಟಲ್ಲ?"

"ಉಂಟು. ಕಂಕುಳಲ್ಲಿ ಲೈನಿಂಗ್ ಹರಿದಿದೆ. ಶನಿವಾರ ಕೊಡ್ತೇನೆ ಹೇಳಿದ್ದೇನೆ."

"ಸೋಮವಾರ ಕೊಡಿ ಆಂಟಿ. ಪ್ಲೀಸ್. ಟೈಲರ್‌ಗಳು ಎಲ್ಲರೂ ತಡ ಮಾಡ್ತಾರೆ, ಯಾರಿಗೂ ಡೌಟ್ ಬರುವುದಿಲ್ಲ."

ಮೈಮೂನಾ ಮೆಷಿನ್ ನಿಲ್ಲಿಸಿದಳು. "ನನ್ನ ಇಪ್ಪತ್ತಾರು ವರ್ಷದ ಮರ್ಯಾದೆ ನಿನ್ನ ಎಂಗೇಜ್‌ಮೆಂಟಿಗೆ ಗಿಫ್ಟಾ?"

ಆ ಕೋಟು ಊರಿಗೆಲ್ಲ ಗೊತ್ತು. ಗುಣಕ್ಕನ ಗಂಡ ಚಿತ್ತರಂಜನ ಶೆಟ್ಟರು ಹಡಗಿನಲ್ಲಿ ಅಡುಗೆಯವರಾಗಿದ್ದರು. ಮೂವತ್ತೈದು ವರ್ಷಗಳ ಹಿಂದೆ ಹಿಮ ಬೀಳುವ ಯಾವುದೋ ಬಂದರಿನಲ್ಲಿ ಕೊಂಡು ತಂದ ಕಂದು ತುಪ್ಪಳದ ಕೋಟು. ಮಂಗಳೂರಿನಲ್ಲಿ ಅದನ್ನು ತೊಡುವುದೆಂದರೆ ಹಂಡೆಯೊಳಗೆ ಕೂತಂತೆ. ಆದರೂ ಮದುವೆ ಹಾಲ್‌ಗಳಿಗೆ ಏಸಿ ಬಂದಂದಿನಿಂದ ಗುಣಕ್ಕನಿಗೆ ಒಂದು ದಾರಿ ಸಿಕ್ಕಿತ್ತು. ಏಸಿಯ ಗಾಳಿ ನೇರ ಬೀಳುವ ಕುರ್ಚಿ ಹುಡುಕಿ, ಪಟ್ಟೆಸೀರೆಯ ಮೇಲೆ ಕೋಟು ಹೊದ್ದು, ಊಟದ ಕರೆ ಬರುವವರೆಗೆ ರಾಣಿಯಂತೆ ಕೂರುತ್ತಿದ್ದರು. ಕರೆಂಟ್ ಹೋದರೂ ತೆಗೆಯುತ್ತಿರಲಿಲ್ಲ. ಶೆಟ್ಟರು ತೀರಿಹೋದ ಮೇಲಂತೂ ಆ ಕೋಟು ಹಾಕದೆ ಅವರು ಯಾವ ಶುಭಕಾರ್ಯಕ್ಕೂ ಹೋದದ್ದಿಲ್ಲ.

"ನೀನು ಎಂತ ಹೇಳಿದ್ದಿ ಅಜ್ಜಿಗೆ?" ಮೈಮೂನಾ ಕೇಳಿದಳು.

"ಕೋಟು ಹಾಕಿದರೆ ನಾನು ಸ್ಟೇಜ್ ಹತ್ತುವುದಿಲ್ಲ ಹೇಳಿದೆ. ಹಾಗಾದರೆ ನಾನು ಹಾಲ್‌ಗೇ ಬರುವುದಿಲ್ಲ ಹೇಳಿದರು. ಒಂದು ವಾರ ಆಯ್ತು, ಮಾತಿಲ್ಲ."

"ಅದಕ್ಕೆ ಮೊದಲು?"

"ವಿಡಿಯೋ ಕಳಿಸಿದ್ದೇನೆ. ಹನ್ನೊಂದು. ಪ್ರಾಣಿಗಳನ್ನು ಹೇಗೆ ಕೊಲ್ತಾರೆ ಅಂತ."

"ನೋಡಿದರಾ?"

"ಎಲ್ಲದಕ್ಕೂ ಗುಡ್ ಮಾರ್ನಿಂಗ್ ತಾವರೆ ಹೂ ಕಳಿಸಿದ್ದಾರೆ." ನಿರೀಕ್ಷಾಳ ದನಿ ಒಡೆಯಿತು. "ಆಂಟಿ, ಅಜ್ಜಿ ಬರದಿದ್ದರೆ ನನಗೆ ಉಂಗುರ ಹಾಕಿಸಿಕೊಳ್ಳಲಿಕ್ಕೇ ಆಗುವುದಿಲ್ಲ. ಆದರೆ ಅದನ್ನು ಹಾಕಿ ಬಂದರೆ ನನ್ನ ಗ್ರೂಪಿನವರ ಮುಖ ನೋಡುವುದು ಹೇಗೆ? ನನ್ನದೇ ಮುಖ ನೋಡುವುದು ಹೇಗೆ?"

ಮೈಮೂನಾ ಸೂಜಿಗೆ ನೂಲು ಪೋಣಿಸಿದಳು. "ಹೆದರಿದ ನಾಯಿಯ ಹತ್ತಿರ ನೀನು ಹೇಗೆ ಹೋಗುವುದು?"

"ಪಕ್ಕದಲ್ಲಿ ಕೂರುವುದು. ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಅದೇ ಬರುವವರೆಗೆ ಕಾಯುವುದು."

"ಅಷ್ಟು ಗೊತ್ತುಂಟು. ಅಜ್ಜಿಯ ಹತ್ತಿರ ಮಾತ್ರ ನೀನೇ ಬೊಗಳಿಕೊಂಡು ಹೋದದ್ದು."

ನಿರೀಕ್ಷಾಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಅವಳು ಮೆಟ್ಟಿಲಿಳಿದು ಹೋದಳು.

ಅವಳು ಹೋದ ಮೇಲೆ ಮೈಮೂನಾ ಕೋಟನ್ನು ಮಡಿಲಲ್ಲಿಟ್ಟು ಬೆರಳಾಡಿಸಿದಳು. ಮೇಲೆ ಮೆತ್ತಗೆ, ನೀರಿನಂತೆ. ಲೈನಿಂಗಿನ ಅಡಿಯಲ್ಲಿ ಮಾತ್ರ ಬೆರಳಿಗೆ ಏನೋ ತಡೆಯುತ್ತಿತ್ತು: ಏಣು, ಮತ್ತೊಂದು ಏಣು, ಅದರಾಚೆ ಇನ್ನೊಂದು. ಎಷ್ಟೋ ಹೊಲಿಗೆಗಳು. ಅವು ಏನೆಂದು ಅವಳ ಬೆರಳಿಗೆ ತಿಳಿಯಿತು. ಹರಿದದ್ದನ್ನು ಹೊರಗಿನಿಂದಲೇ ಹೊಲಿದು ಮುಗಿಸಬಹುದಿತ್ತು, ಹತ್ತು ನಿಮಿಷದ ಕೆಲಸ. ಒಳಗನ್ನು ತೋರಿಸಿದರೆ, ತೀರಿಹೋದ ಮನುಷ್ಯನ ಪ್ರೀತಿಗೆ ಕತ್ತರಿ ಹಾಕಿದಂತಾದೀತು. ಇಪ್ಪತ್ತು ವರ್ಷಗಳಿಂದ ಬರುತ್ತಿದ್ದ ಗುಣಕ್ಕ ಇನ್ನು ಈ ಮೆಟ್ಟಿಲು ಹತ್ತದೆಯೂ ಇರಬಹುದು. ತೋರಿಸದಿದ್ದರೆ ಭಾನುವಾರ ಒಬ್ಬಳು ಹಾಲ್‌ನಲ್ಲಿ, ಒಬ್ಬರು ಮನೆಯಲ್ಲಿ. ಅವಳು ಫೋನ್ ಎತ್ತಿಕೊಂಡಳು.

"ಗುಣಕ್ಕ, ನಾಳೆ ಬರಬೇಕು. ಲೈನಿಂಗ್ ಬಿಚ್ಚಲಿಕ್ಕೆ ಉಂಟು."

"ನನಗೆ ಎಂತಕ್ಕೆ ತೋರಿಸುವುದು ಮಾರಾಯ್ತಿ? ಅದರ ಒಳಗೆ ಕಾಗದ ಗೀಗದ ಇಲ್ಲ. ನಮ್ಮವರು ಅಷ್ಟು ಚಂದ ಇರಲಿಲ್ಲ."

ಆದರೂ ಶುಕ್ರವಾರ ಬಂದರು. ಮೆಟ್ಟಿಲಿಗೆ ಬೈಯುತ್ತ, ಮಂಡಿಗೆ ಬೈಯುತ್ತ ಬಂದು ಸ್ಟೂಲಿನ ಮೇಲೆ ಕೂತರು. ಮೈಮೂನಾ ಮೊದಲು ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಟ್ಟಳು. ಅವರು ಕುಡಿದು ಮುಗಿಸುವವರೆಗೆ ಕೋಟಿನ ಮಾತೆತ್ತಲಿಲ್ಲ. ಶೆಟ್ಟರು ಇದನ್ನು ತಂದ ದಿನ ಎಂತ ಹೇಳಿದರು ಎಂದು ಮಾತ್ರ ಕೇಳಿದಳು.

ಗುಣಕ್ಕನ ಮುಖ ಅರಳಿತು. "ಎಂತ ಹೇಳುವುದು. ಅಲ್ಲಿ ಕಾಡಿನಲ್ಲಿ ಒಂದು ದೊಡ್ಡ ಪ್ರಾಣಿ ಉಂಟಂತೆ. ಮುದಿಯಾಗಿ ಅದರಷ್ಟಕ್ಕೇ ಸತ್ತದ್ದಂತೆ. ಅದರದ್ದೇ ಇಡೀ ಚರ್ಮ. ಹುಡುಗಿಗೆ ಇದನ್ನು ಹೇಳಿದರೆ ಕೇಳಬೇಕಲ್ಲ."

ಮೈಮೂನಾ ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದಳು. ದ್ರಾಕ್ಷಿ ಬಣ್ಣದ ಸ್ಯಾಟಿನ್ ಲೈನಿಂಗ್ ಪದರವಾಗಿ ಜಾರಿತು. ಅವಳು ಕೋಟನ್ನು ತಿರುಗಿಸಿ ಗುಣಕ್ಕನ ಮಡಿಲಲ್ಲಿಟ್ಟಳು.

ಒಳಗೆ ಇಡೀ ಚರ್ಮ ಇರಲಿಲ್ಲ. ಗೇಣುದ್ದದ, ಅಂಗೈ ಅಗಲದ ತೊಗಲುಗಳು, ಒಂದರ ಪಕ್ಕಕ್ಕೆ ಒಂದು, ಗದ್ದೆಯ ಹುಣಿ-ಬದುಗಳ ಹಾಗೆ ಸಾಲುಸಾಲು ಹೊಲಿಗೆ. ಗುಣಕ್ಕ ಕನ್ನಡಕ ಸರಿ ಮಾಡಿಕೊಂಡು ಬೆರಳಿಟ್ಟು ಎಣಿಸತೊಡಗಿದರು. ಹತ್ತೊಂಬತ್ತಕ್ಕೆ ಬೆರಳು ನಿಂತಿತು. ಇನ್ನೂ ಬೆನ್ನಿನ ಕಡೆಗೆ ಬಂದಿರಲಿಲ್ಲ.

"ಇಷ್ಟು ಚಿಕ್ಕದಾ?" ಎಂದರು. ಒಂದು ತೊಗಲಿನ ಮೇಲೆ ಅಂಗೈ ಇಟ್ಟು ನೋಡಿ, "ನಮ್ಮ ಬೆಕ್ಕಿನಷ್ಟೂ ಇಲ್ಲ."

"ಶೆಟ್ಟರಿಗೆ ಗೊತ್ತಿರಲಿಕ್ಕಿಲ್ಲ ಗುಣಕ್ಕ."

"ಅಡುಗೆಯವನಿಗೆ ಯಾವ ಚರ್ಮ ಎಷ್ಟು ದೊಡ್ಡದು ಗೊತ್ತಿಲ್ಲವಾ? ಗೊತ್ತುಂಟು." ಅವರು ಕೋಟನ್ನು ಮೆಲ್ಲಗೆ ಸವರಿದರು, ಈ ಸಲ ಒಳಗಿನ ಬದಿಯನ್ನು. "ನನಗೆ ಬೇಸರ ಆಗ್ತದೆ ಅಂತ ಕತೆ ಕಟ್ಟಿದ್ದಾರೆ. ಒಂದು ಪ್ರಾಣಿ, ಅದೂ ಮುದಿ. ಪಾಪ, ಹಡಗಿನಲ್ಲಿ ಇಡೀ ದಾರಿ ಯೋಚಿಸಿರಬೇಕು."

ಕಣ್ಣೊರೆಸಿಕೊಂಡರು. ಸೆರಗಿನಿಂದಲ್ಲ, ಪಕ್ಕದಲ್ಲಿ ಬಿದ್ದಿದ್ದ ಸ್ಯಾಟಿನ್ ತುದಿಯಿಂದ. ಒರೆಸಿದ ಮೇಲೆ ಅದನ್ನೇ ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು.

"ಇದು ಬರೀ ಬಟ್ಟೆಯಲ್ಲವಾ?"

"ಬರೀ ಬಟ್ಟೆ."

"ಇದೂ ಅವರು ತಂದದ್ದೇ. ಮೂವತ್ತೈದು ವರ್ಷ ನನ್ನ ಮೈಗೆ ತಾಗಿದ್ದು ಇದೇ, ಮೇಲಿನದ್ದಲ್ಲ. ಇದರಲ್ಲಿ ಒಂದು ಶಾಲು ಆಗ್ತದಾ? ಭಾನುವಾರಕ್ಕೆ?"

"ನಾಳೆ ಅಂತ ಹೇಳಿದ್ದೇನಲ್ಲ. ನಾಳೆಯೇ ಕೊಡ್ತೇನೆ."

ಅಳತೆ ತೆಗೆದದ್ದಾಯಿತು, ಅದರ ನಡುವೆ ಗುಣಕ್ಕ ಮೊಮ್ಮಗಳಿಗೊಂದು ಫೋನ್ ಮಾಡಿದ್ದೂ ಆಯಿತು. ಅಂಚಿಗೆ ಅದೇ ಬಣ್ಣದ ಲೇಸು ಬೇಕಿತ್ತು. ಬಂದರಿನ ರವೂಫಾಕನ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಶುಕ್ರವಾರ ಅವರು ಹನ್ನೆರಡೂವರೆಗೆಲ್ಲ ಜುಮ್ಮಾ ನಮಾಜಿಗೆ ಬಾಗಿಲೆಳೆಯುತ್ತಾರೆ. ಮತ್ತೆ ತೆರೆಯುವುದು ಅವರ ಊಟ, ನಿದ್ದೆ ಎರಡೂ ಮುಗಿದ ಮೇಲೆ. ಗುಣಕ್ಕನನ್ನು ಫ್ಯಾನಿನಡಿ ಕೂರಿಸಿ, ಸ್ಯಾಟಿನ್ನಿನ ಒಂದು ಎಳೆಯನ್ನು ಕೈಯಲ್ಲಿ ಹಿಡಿದು ಮೈಮೂನಾ ಕೆಳಗಿಳಿದಳು.

ಕೊನೆಯ ಮೆಟ್ಟಿಲಲ್ಲಿ ನಿರೀಕ್ಷಾ ಎದುರಾದಳು. ಓಡಿ ಬಂದಿದ್ದಳು. "ಆಂಟಿ, ಅಜ್ಜಿ ಫೋನ್ ಮಾಡಿದರು. ಒಳಗೆಲ್ಲ ಸಣ್ಣ ಸಣ್ಣ ಚರ್ಮ ಉಂಟು, ನಿನ್ನ ಕೋಟಿನ ಜಗಳ ಮುಗಿಯಿತು, ಬಂದು ನನ್ನನ್ನು ಕರೆದುಕೊಂಡು ಹೋಗು ಅಂತ. ನೀವು ಎಂತ ಹೇಳಿದ್ದು?"

"ನೀರು ಕೊಟ್ಟೆ."

"ತಮಾಷೆ ಬೇಡ ಆಂಟಿ. ನಾವು ಎರಡು ವರ್ಷದಿಂದ ಕ್ಯಾಂಪೇನ್ ಮಾಡ್ತಾ ಇದ್ದೇವೆ, ಒಬ್ಬರೂ ಕೇಳುವುದಿಲ್ಲ. ಆ ಕೋಟಿನ ಒಳಗಿನ ಫೋಟೋ ಒಂದು ಸಿಕ್ಕಿದರೆ ಸಾಕು, ನಾನು ಇವತ್ತೇ ಗ್ರೂಪಿಗೆ ಹಾಕ್ತೇನೆ."

"ಅದು ನಿನ್ನ ಅಜ್ಜಿಯ ಕೋಟು. ಅವರನ್ನು ಕೇಳು. ಇವತ್ತು ಕೇಳಬೇಡ. ಇವತ್ತು ಅವರ ಪಕ್ಕದಲ್ಲಿ ಕೂತುಕೋ."

"ಕೂರ್ತೇನೆ. ಆದರೆ ನೀವು ಒಮ್ಮೆ ನಮ್ಮ ಮೀಟಿಂಗಿಗೆ ಬಂದು ಹೇಳಬೇಕು ಆಂಟಿ, ಫರ್ ಹಾಕುವವರ ಹತ್ತಿರ ಹೇಗೆ ಮಾತಾಡುವುದು ಅಂತ. ಒಂದು ಹದಿನೈದು ನಿಮಿಷ ಸಾಕು, ನಾನೇ ಪಾಯಿಂಟ್ಸ್ ಬರೆದುಕೊಳ್ತೇನೆ, ಮೊದಲನೆಯದು..."

ಮೈಮೂನಾ ಆಗಲೇ ಎರಡು ಆಟೋಗಳ ನಡುವೆ ನುಸುಳಿ ರಸ್ತೆ ದಾಟುತ್ತಿದ್ದಳು.